1916ರ ಕ್ಯಾಲಿಫೋರ್ನಿಯಾ: ಅಂತರ 3,773ವೋ 3,806ವೋ? ಜಾನ್ಸನ್ ಕೊಟ್ಟದ್ದು ಒಳಏಟೋ?

ನೀಲಿಶಾಯಿ:
1916ರ ಅಮೆರಿಕ ಅಧ್ಯಕ್ಷೀಯ ಚುನಾವಣೆಯ ಬಗ್ಗೆ ಕನ್ನಡ ವಿಕಿಪೀಡಿಯಕ್ಕೆ ಲೇಖನ ಸಿದ್ಧವಾಗುತ್ತಿದೆ. ಡೆಮಾಕ್ರಟಿಕ್ ಪಕ್ಷದ ವುಡ್ರೋ ವಿಲ್ಸನ್ ಎದುರು ರಿಪಬ್ಲಿಕನ್ ಪಕ್ಷದ ಚಾರ್ಲ್ಸ್ ಇವಾನ್ಸ್ ಹ್ಯೂಸ್. ಕ್ಯಾಲಿಫೋರ್ನಿಯಾ ಭಾಗಕ್ಕೆ ಬಂದಾಗ ಎರಡು ತೊಡಕು. ಒಂದು, ವಿಲ್ಸನ್ ಗೆಲುವಿನ ಅಂತರ ಒಂದು ಪುಸ್ತಕದಲ್ಲಿ 3,773, ಇನ್ನೊಂದರಲ್ಲಿ 3,806. ಎರಡು, ಲಾಂಗ್ ಬೀಚಿನ ಹೋಟೆಲಿನಲ್ಲಿ ಹ್ಯೂಸ್ ರಾಜ್ಯಪಾಲ ಹೈರಮ್ ಜಾನ್ಸನ್ ಅವರನ್ನು ಮಾತನಾಡಿಸದೆ ಹೋದದ್ದೇ ಸೋಲಿಗೆ ಕಾರಣ ಅಂತ ಬಹುತೇಕ ಎಲ್ಲರೂ ಬರೆಯುತ್ತಾರೆ. ಇದನ್ನು ಹಾಗೇ ಹಾಕಬಹುದೇ? ಬಲ್ಲವರು ತಿಳಿಸಿ.

ತುಂಗಾತೀರ:
ಹೋಟೆಲಿನ ಪ್ರಸಂಗ ನಡೆದದ್ದು ನಿಜ, ಹಾಕಿ. 1916ರ ಆಗಸ್ಟ್ 20, ಭಾನುವಾರ. ಹ್ಯೂಸ್ ಲಾಂಗ್ ಬೀಚಿನ ವರ್ಜೀನಿಯಾ ಹೋಟೆಲಿಗೆ ಬಂದರು. ಜಾನ್ಸನ್ ಅದೇ ಹೊತ್ತಿಗೆ ಅದೇ ಹೋಟೆಲಿನಲ್ಲಿದ್ದರು. ಹ್ಯೂಸ್‌ಗೆ ಆ ವಿಷಯ ಯಾರೂ ಹೇಳಲಿಲ್ಲ, ಭೇಟಿಯಾಗದೆ ಹೊರಟುಹೋದರು. ತಿಳಿದ ಮೇಲೆ ತಮ್ಮವರನ್ನು ಜಾನ್ಸನ್ ಬಳಿಗೆ ಕಳಿಸಿದರು, ಆದರೆ ಇಬ್ಬರೂ ಒಂದೇ ವೇದಿಕೆ ಹತ್ತಲಿಲ್ಲ. ನವೆಂಬರ್ 7ರಂದು ಜಾನ್ಸನ್ ಸೆನೆಟ್‌ಗೆ 2,96,815 ಮತಗಳ ಅಂತರದಲ್ಲಿ ಗೆದ್ದರು. ಅದೇ ದಿನ, ಅದೇ ರಾಜ್ಯದಲ್ಲಿ, ಅದೇ ಪಕ್ಷದ ಹ್ಯೂಸ್ ಸೋತರು. ಒಳಏಟು ಅನ್ನಲು ಇನ್ನೇನು ಬೇಕು?

ಹಳೇಗೆಜೆಟ್:
ತುಂಗಾತೀರ ಅವರೇ, ಕೊನೆಯ ವಾಕ್ಯ ಒಪ್ಪಲಾರೆ. ಅಂಕಿಗಳನ್ನೇ ಪಕ್ಕಪಕ್ಕ ಇಟ್ಟು ನೋಡೋಣ.

ಸೆನೆಟ್: ಜಾನ್ಸನ್ 5,74,667. ಡೆಮಾಕ್ರಟಿಕ್ ಅಭ್ಯರ್ಥಿ ಜಾರ್ಜ್ ಪ್ಯಾಟನ್ (ಮುಂದೆ ಎರಡನೇ ಮಹಾಯುದ್ಧದಲ್ಲಿ ಹೆಸರಾದ ಜನರಲ್ ಪ್ಯಾಟನ್ ಅವರ ತಂದೆ) 2,77,852.
ಅಧ್ಯಕ್ಷ ಸ್ಥಾನ: ವಿಲ್ಸನ್ 4,66,289. ಹ್ಯೂಸ್ 4,62,516.

ಜಾನ್ಸನ್‌ಗೆ ಬಿದ್ದ ಮತಗಳಲ್ಲಿ ಕನಿಷ್ಠ 1,12,151 ಹ್ಯೂಸ್‌ಗೆ ಬೀಳಲಿಲ್ಲ ಎಂಬುದು ಇದರಿಂದ ಖಚಿತ. ಅಷ್ಟು ಜನರನ್ನು ಜಾನ್ಸನ್ ಬೇರೆ ಕಡೆ ತಿರುಗಿಸಿದರು ಎಂಬುದು ಖಚಿತವಲ್ಲ. ಪ್ಯಾಟನ್‌ಗಿಂತ ವಿಲ್ಸನ್‌ಗೆ 1,88,437 ಮತ ಹೆಚ್ಚು. ವಿಲ್ಸನ್‌ಗೆ ಮತ ಹಾಕಿದ ಡೆಮಾಕ್ರಟರು, ಸೋಷಲಿಸ್ಟರು, ಕಾರ್ಮಿಕರು ದೊಡ್ಡ ಸಂಖ್ಯೆಯಲ್ಲಿ ಸೆನೆಟ್‌ಗೆ ಜಾನ್ಸನ್‌ರನ್ನೇ ಆರಿಸಿದ್ದಾರೆ. ಅವರು ಮೊದಲಿನಿಂದಲೂ ಹ್ಯೂಸ್ ಪಾಲಿನವರಲ್ಲ. ಜಾನ್ಸನ್‌ಗೆ ಪಕ್ಷದ ಗಡಿ ದಾಟಿದ ಬೆಂಬಲವಿತ್ತು, ಹ್ಯೂಸ್‌ಗೆ ಇರಲಿಲ್ಲ. ಅಂಕಿ ಹೇಳುವುದು ಅಷ್ಟನ್ನೇ.

ಜಾನ್ಸನ್ ಬಹಿರಂಗವಾಗಿ ಹ್ಯೂಸ್‌ಗೆ ಬೆಂಬಲ ಘೋಷಿಸಿದ್ದರು, ಶರತ್ಕಾಲದ ಪ್ರಚಾರದಲ್ಲಿ ಅವರ ಪರ ಮಾತನಾಡಿದ್ದರು. ಅದರಲ್ಲಿ ಕಾವು ಸಾಲದು ಎನ್ನುವುದು ಬೇರೆ ಮಾತು.

ಎಣಿಕೆಮೇಜು:
ಮೊದಲ ಪ್ರಶ್ನೆಗೆ ಉತ್ತರ: 3,773 ಮತ್ತು 3,806 ಎರಡೂ ಮುದ್ರಣದೋಷವಲ್ಲ. ಆಗಿನ ಮತಪತ್ರ ಗೊತ್ತಿದ್ದರೆ ಗೊಂದಲ ತಾನೇ ಬಿಡಿಸಿಕೊಳ್ಳುತ್ತದೆ.

ಕ್ಯಾಲಿಫೋರ್ನಿಯಾಗೆ ಆಗ 13 ಎಲೆಕ್ಟರ್ ಸ್ಥಾನ. ಎಲೆಕ್ಟರ್ ಅಂದರೆ ರಾಜ್ಯದ ಪರವಾಗಿ ಅಧ್ಯಕ್ಷರಿಗೆ ಮತ ಹಾಕುವ ಪ್ರತಿನಿಧಿ. ಕಾನೂನಿನ ಪ್ರಕಾರ ಮತದಾರ ಆರಿಸುತ್ತಿದ್ದುದು ವಿಲ್ಸನ್‌ರನ್ನಲ್ಲ, ವಿಲ್ಸನ್ ಪರ ನಿಂತ 13 ಮಂದಿಯನ್ನು. ರಬ್ಬರ್ ಮೊಹರಿನಿಂದ ಹೆಸರಿನ ಪಕ್ಕದ ಚೌಕದಲ್ಲಿ ಕತ್ತರಿ ಗುರುತು ಒತ್ತಬೇಕು. ಎಣಿಕೆಯಲ್ಲಿ ಪ್ರತಿ ಎಲೆಕ್ಟರ್‌ಗೂ ಪ್ರತ್ಯೇಕ ಮೊತ್ತ. ಎಲ್ಲ ಪಕ್ಷಗಳ ಎಲೆಕ್ಟರ್ ಅಭ್ಯರ್ಥಿಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ಹೆಚ್ಚು ಮತ ಪಡೆದ ಮೊದಲ 13 ಮಂದಿ ಗೆದ್ದರು ಅಂತ ಘೋಷಣೆ.

ಹಾಗಾಗಿ 'ವಿಲ್ಸನ್‌ಗೆ ಬಿದ್ದ ಮತ' ಅನ್ನುವ ಒಂದೇ ಸಂಖ್ಯೆ ಮೂಲ ದಾಖಲೆಯಲ್ಲಿ ಇರುವುದೇ ಇಲ್ಲ. 13 ಸಂಖ್ಯೆಗಳಿವೆ. ಒಬ್ಬ ಲೇಖಕ ಪ್ರತಿ ಪಕ್ಷದ ಅತಿ ಹೆಚ್ಚು ಮತ ಪಡೆದ ಎಲೆಕ್ಟರನ್ನು ತೆಗೆದುಕೊಳ್ಳುತ್ತಾನೆ, ಇನ್ನೊಬ್ಬ 13ರ ಸರಾಸರಿ, ಮತ್ತೊಬ್ಬ ಪಟ್ಟಿಯ ಮೊದಲ ಹೆಸರು. ಪುಸ್ತಕದಿಂದ ಪುಸ್ತಕಕ್ಕೆ ಅಂತರ ನೂರಿನ್ನೂರು ಮತ ಆಚೀಚೆ ಆಗುವುದು ಇದರಿಂದಲೇ. ತಪ್ಪಾಗುವುದು ಯಾವಾಗ ಅಂದರೆ, ವಿಲ್ಸನ್‌ರದ್ದು ಒಂದು ಲೆಕ್ಕದಿಂದ, ಹ್ಯೂಸ್‌ರದ್ದು ಇನ್ನೊಂದು ಲೆಕ್ಕದಿಂದ ತೆಗೆದು ಕಳೆದಾಗ. ಎರಡೂ ಸಂಖ್ಯೆ ಒಂದೇ ಕೋಷ್ಟಕದ್ದಾಗಿರಲಿ. 4,66,289 ಮತ್ತು 4,62,516 ಹಾಕಿದರೆ ಅಂತರ 3,773 ಅಂತಲೇ ಬರೆಯಿರಿ, 3,806 ಬೆರೆಸಬೇಡಿ.

ನೀಲಿಶಾಯಿ:
ಧನ್ಯವಾದ. ಒಬ್ಬೊಬ್ಬ ಎಲೆಕ್ಟರ್‌ಗೆ ಬೇರೆ ಬೇರೆ ಮತ ಬೀಳುವುದಾದರೂ ಹೇಗೆ? ವಿಲ್ಸನ್ ಬೇಕು ಅನ್ನುವವರು 13 ಜನರಿಗೂ ಒತ್ತುವುದಿಲ್ಲವೇ?

ಎಣಿಕೆಮೇಜು:
ಒತ್ತಬೇಕು, ಎಲ್ಲರೂ ಒತ್ತುವುದಿಲ್ಲ. ಅಂಥ ಮತಪತ್ರದಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟುಗಳು ಇವು.

ಮೊದಲನೆಯದು, ಪಟ್ಟಿಯ ತಲೆಯ ಹೆಸರಿಗೆ ಒಂದು ಗುರುತು ಹಾಕಿದರೆ ಇಡೀ ಪಕ್ಷಕ್ಕೆ ಹಾಕಿದಂತೆ ಅಂದುಕೊಳ್ಳುವುದು. ಆ ಒಬ್ಬನಿಗೆ ಮತ ಸಿಗುತ್ತದೆ, ಉಳಿದ 12 ಮಂದಿಗೆ ಇಲ್ಲ. ಅತಿ ಹೆಚ್ಚು ಕಾಣುವುದು ಇದೇ. ಮೊದಲ ಹೆಸರಿನವನ ಮೊತ್ತ ಉಳಿದವರಿಗಿಂತ ಎದ್ದು ಕಾಣುತ್ತಿದ್ದರೆ ಇದನ್ನೇ ಅನುಮಾನಿಸಬೇಕು. ಎರಡನೆಯದು, ಸಾಲು ಹಿಡಿದು ಒತ್ತುತ್ತಾ ಪಕ್ಕದ ಪಕ್ಷದವನಿಗೂ ಒಂದು ಒತ್ತಿ ಒಟ್ಟು 14 ಮಾಡುವುದು. ಸ್ಥಾನಗಳಿಗಿಂತ ಗುರುತು ಹೆಚ್ಚಾದರೆ ಎಲೆಕ್ಟರ್ ಭಾಗ ಪೂರ್ತಿ ಅಸಿಂಧು. ಮೂರನೆಯದು ತಪ್ಪಲ್ಲ, ಬೇಕೆಂದೇ ಮಾಡುವುದು: ಊರಿನ ಪರಿಚಿತನೊಬ್ಬ ಎದುರು ಪಕ್ಷದ ಎಲೆಕ್ಟರ್ ಆಗಿದ್ದರೆ ಅವನಿಗೊಂದು ಒತ್ತುವುದು, ಅಥವಾ ತಮ್ಮ ಪಕ್ಷದಲ್ಲೇ ಆಗದವನನ್ನು ಬಿಟ್ಟುಬಿಡುವುದು. 1880ರಲ್ಲಿ ಇದೇ ರಾಜ್ಯದಲ್ಲಿ ಡೆಮಾಕ್ರಟರು ಗೆದ್ದರೂ ಅವರ ಎಲೆಕ್ಟರ್ ಡೇವಿಡ್ ಟೆರಿ ಒಬ್ಬರೇ ಸೋತರು. ಅವರು 1859ರಲ್ಲಿ ಸೆನೆಟರ್ ಬ್ರೊಡೆರಿಕ್‌ರನ್ನು ದ್ವಂದ್ವಯುದ್ಧದಲ್ಲಿ ಕೊಂದದ್ದನ್ನು ಜನ ಇಪ್ಪತ್ತು ವರ್ಷ ಕಳೆದರೂ ಮರೆತಿರಲಿಲ್ಲ.

ಲಕ್ಷಗಟ್ಟಲೆ ಅಂತರವಿದ್ದಾಗ ಇದೆಲ್ಲ ಗಣನೆಗೆ ಬರದು. ಅಂತರ ನೂರರಲ್ಲಿ ಇದ್ದಾಗ ರಾಜ್ಯವೇ ಹೋಳಾಗುತ್ತದೆ. 1912ರಲ್ಲಿ ಹಾಗೇ ಆಯಿತು. ಥಿಯೋಡರ್ ರೂಸ್‌ವೆಲ್ಟ್ 2,83,610, ವಿಲ್ಸನ್ 2,83,436, ವ್ಯತ್ಯಾಸ 174. 13ರಲ್ಲಿ 11 ಎಲೆಕ್ಟರ್ ರೂಸ್‌ವೆಲ್ಟ್‌ಗೆ, 2 ವಿಲ್ಸನ್‌ಗೆ. ರೂಸ್‌ವೆಲ್ಟ್ ಪಟ್ಟಿಯ ಕೊನೆಯ ಇಬ್ಬರಿಗಿಂತ ವಿಲ್ಸನ್ ಪಟ್ಟಿಯ ಮೇಲಿನ ಇಬ್ಬರಿಗೆ ಮತ ಹೆಚ್ಚು ಬಿದ್ದಿತ್ತು, ಅಷ್ಟೇ. 1916ರ ಅಂತರ 174ರ ಬದಲು ಕೆಲವು ಸಾವಿರ ಇದ್ದುದರಿಂದ 13ಕ್ಕೆ 13 ವಿಲ್ಸನ್‌ಗೆ ಬಂದವು.

ಮತಪೆಟ್ಟಿಗೆ:
ಎಣಿಕೆಮೇಜು ಅವರ ಮಾತಿಗೆ ಮೇರಿಲ್ಯಾಂಡ್ ಇನ್ನೂ ಒಳ್ಳೆಯ ಉದಾಹರಣೆ. 1904ರಲ್ಲಿ ಅಲ್ಲಿ ರೂಸ್‌ವೆಲ್ಟ್ 1,09,497, ಆಲ್ಟನ್ ಪಾರ್ಕರ್ 1,09,446. ರೂಸ್‌ವೆಲ್ಟ್‌ಗೆ 51 ಮತ ಹೆಚ್ಚು, ಆದರೆ 8 ಎಲೆಕ್ಟರ್‌ಗಳಲ್ಲಿ 7 ಪಾರ್ಕರ್ ಪಾಲು. ರಿಪಬ್ಲಿಕನ್ ಕಡೆಯಿಂದ ಗೆದ್ದವರು ಚಾರ್ಲ್ಸ್ ಬೋನಪಾರ್ಟ್ ಒಬ್ಬರೇ, ನೆಪೋಲಿಯನ್ನನ ತಮ್ಮನ ಮೊಮ್ಮಗ. 1908ರಲ್ಲಿ ಮತ್ತೆ ಅದೇ ಕಥೆ: ಟಾಫ್ಟ್ 605 ಮತ ಮುಂದೆ, ಎಲೆಕ್ಟರ್ ಮಾತ್ರ ಬ್ರಯನ್‌ಗೆ 6, ಟಾಫ್ಟ್‌ಗೆ 2.

ಅಲ್ಲಿನ ಮತಪತ್ರದ ಹಿಂದೆ ಒಂದು ಕೆಟ್ಟ ಉದ್ದೇಶವೂ ಇತ್ತು, ಅದನ್ನು ಹೇಳದೆ ಬಿಡಬಾರದು. 1901ರಲ್ಲಿ ಡೆಮಾಕ್ರಟಿಕ್ ನಾಯಕ ಆರ್ಥರ್ ಗೋರ್ಮನ್ ಬಣ ವಿಶೇಷ ಅಧಿವೇಶನದಲ್ಲಿ ಕಾನೂನು ತಂದು ಮತಪತ್ರದಿಂದ ಪಕ್ಷದ ಚಿಹ್ನೆ ತೆಗೆಸಿತು, ಓದು ಬಾರದವರಿಗೆ ಮತಗಟ್ಟೆಯಲ್ಲಿ ಸಿಗುತ್ತಿದ್ದ ಸಹಾಯವನ್ನೂ ನಿಲ್ಲಿಸಿತು. ಗುರಿ ಕಪ್ಪು ಜನಾಂಗದ ಮತದಾರರು, ಅವರಲ್ಲಿ ಹೆಚ್ಚಿನವರು ರಿಪಬ್ಲಿಕನ್ನರು. ಚಿಹ್ನೆ ಇಲ್ಲದ, ಎಂಟೆಂಟು ಹೆಸರುಗಳ ಹಾಳೆ ಕೈಗೆ ಬಂದರೆ ಅಕ್ಷರ ಬಾರದವನು ಏನು ಮಾಡಬೇಕು? ಅಲ್ಲಿಗೂ ತೃಪ್ತಿಯಾಗದೆ ಕಪ್ಪು ಜನರ ಮತದ ಹಕ್ಕನ್ನೇ ಕಿತ್ತುಕೊಳ್ಳಲು 1905, 1909, 1911ರಲ್ಲಿ ಮೂರು ಸಲ ರಾಜ್ಯ ಸಂವಿಧಾನದ ತಿದ್ದುಪಡಿ ಜನರ ಮುಂದಿಟ್ಟರು. ಮೂರು ಸಲವೂ ಮೇರಿಲ್ಯಾಂಡಿನ ಮತದಾರರು ತಿರಸ್ಕರಿಸಿದರು.

ತುಂಗಾತೀರ:
ಮತಪತ್ರದ ವಿಚಾರ ಒಪ್ಪಿದೆ. ಆದರೆ 1916ರಲ್ಲಿ 13ಕ್ಕೆ 13 ಒಂದೇ ಕಡೆ ಹೋದವಲ್ಲ, ಅಲ್ಲಿ ಮತಪತ್ರ ಅಲ್ಲ, ರಾಜಕೀಯ ಕೆಲಸ ಮಾಡಿತು. ಹೋಟೆಲ್ ಕಾರಣವಲ್ಲ ಅಂದರೆ ಕಾರಣ ಯಾವುದು?

ಹಳೇಗೆಜೆಟ್:
ಹೋಟೆಲಿಗೆ ಬರುವ ಹೊತ್ತಿಗೆ ಗಾಯ ನಾಲ್ಕು ವರ್ಷ ಹಳೆಯದು. 1912ರಲ್ಲಿ ರೂಸ್‌ವೆಲ್ಟ್ ಬಂಡಾಯವೆದ್ದು ಪ್ರೊಗ್ರೆಸಿವ್ ಪಕ್ಷ ಕಟ್ಟಿದಾಗ ಅವರ ಉಪಾಧ್ಯಕ್ಷ ಅಭ್ಯರ್ಥಿ ಇದೇ ಜಾನ್ಸನ್. ಕ್ಯಾಲಿಫೋರ್ನಿಯಾದಲ್ಲಿ ಬಂಡಾಯಗಾರರು ಪಕ್ಷ ಬಿಟ್ಟು ಹೋಗಲಿಲ್ಲ, ರಿಪಬ್ಲಿಕನ್ ಪಕ್ಷದ ಯಂತ್ರವನ್ನೇ ಹಿಡಿದುಕೊಂಡರು. ಹಾಲಿ ಅಧ್ಯಕ್ಷ ಟಾಫ್ಟ್ ಅವರ ಎಲೆಕ್ಟರ್‌ಗಳಿಗೆ ಮತಪತ್ರದಲ್ಲಿ ಜಾಗವೇ ಸಿಗಲಿಲ್ಲ. ಅವರ ಬೆಂಬಲಿಗರು ಹೆಸರುಗಳನ್ನು ಕೈಯಿಂದ ಬರೆದು ಹಾಕಬೇಕಾಯಿತು, ಹಾಗೆ ಬಂದದ್ದು 3,914 ಮತ. ಟಾಫ್ಟ್ ಪರ ನಿಂತ ಮೂಲ ರಿಪಬ್ಲಿಕನ್ ಬಣದವರು ಇದನ್ನು ಮರೆಯಲಿಲ್ಲ.

1916ರ ಜೂನ್‌ನಲ್ಲಿ ರೂಸ್‌ವೆಲ್ಟ್ ಪ್ರೊಗ್ರೆಸಿವ್ ಟಿಕೆಟ್ ನಿರಾಕರಿಸಿ ಹ್ಯೂಸ್ ಕಡೆ ಬಂದರು. ಮೇಲೆ ರಾಜಿ ಆಯಿತು, ಕೆಳಗೆ ಆಗಲಿಲ್ಲ. ಆಗಸ್ಟ್ 29ಕ್ಕೆ ರಾಜ್ಯದಲ್ಲಿ ಸೆನೆಟ್ ಪ್ರಾಥಮಿಕ ಚುನಾವಣೆ (ಪಕ್ಷದ ಅಭ್ಯರ್ಥಿ ಯಾರೆಂದು ಆರಿಸುವ ಮತದಾನ), ಜಾನ್ಸನ್ ಎದುರು ಮೂಲ ಬಣದ ವಿಲ್ಲಿಸ್ ಬೂತ್. ಅದಕ್ಕೆ ಹತ್ತು ದಿನ ಮೊದಲು ಹ್ಯೂಸ್ ಪ್ರವಾಸ. ಪ್ರವಾಸದ ಉಸ್ತುವಾರಿ ಪೂರ್ತಿ ಮೂಲ ಬಣದ ಕೈಯಲ್ಲಿ: ರಾಷ್ಟ್ರೀಯ ಸಮಿತಿಯ ವಿಲಿಯಂ ಕ್ರಾಕರ್, ರಾಜ್ಯಾಧ್ಯಕ್ಷ ಫ್ರಾನ್ಸಿಸ್ ಕೀಸ್ಲಿಂಗ್. ಸ್ಯಾನ್ ಫ್ರಾನ್ಸಿಸ್ಕೋ ಸಭೆಯ ಅಧ್ಯಕ್ಷತೆ ಜಾನ್ಸನ್‌ಗೆ ಕೊಡಿ ಎಂಬ ಪ್ರೊಗ್ರೆಸಿವ್‌ಗಳ ಬೇಡಿಕೆ ಈಡೇರಲಿಲ್ಲ. ಹ್ಯೂಸ್ ಪ್ರಾಥಮಿಕ ಚುನಾವಣೆ ಮುಗಿಯುವ ತನಕ ಆ ರಾಜ್ಯಕ್ಕೆ ಬರಲೇಬಾರದಿತ್ತು. ನನ್ನ ಲೆಕ್ಕದಲ್ಲಿ ತಪ್ಪು ಹೋಟೆಲಿನದ್ದಲ್ಲ, ತಾರೀಖಿನದ್ದು.

ಇನ್ನೊಂದು ಸಣ್ಣ ವಿಷಯ ದೊಡ್ಡದು. 1913ರ ಕಾನೂನಿನ ಪ್ರಕಾರ ಒಬ್ಬನೇ ಅಭ್ಯರ್ಥಿ ಒಂದಕ್ಕಿಂತ ಹೆಚ್ಚು ಪಕ್ಷಗಳ ಪ್ರಾಥಮಿಕ ಚುನಾವಣೆಯಲ್ಲಿ ನಿಲ್ಲಬಹುದಿತ್ತು. ಜಾನ್ಸನ್ ರಿಪಬ್ಲಿಕನ್, ಪ್ರೊಗ್ರೆಸಿವ್ ಎರಡೂ ಟಿಕೆಟ್ ಗೆದ್ದರು. 'ಅದೇ ಪಕ್ಷದ ಹ್ಯೂಸ್' ಅನ್ನುವ ಹೋಲಿಕೆ ಅಲ್ಲಿಗೇ ಸಡಿಲ.

ಬೇ ಏರಿಯಾ ಓದುಗ:
ಸ್ಯಾನ್ ಫ್ರಾನ್ಸಿಸ್ಕೋ ಭಾಗ ಸೇರಿಸುತ್ತೇನೆ. ನಗರದಲ್ಲಿ ವಿಲ್ಸನ್ ಮುನ್ನಡೆ ಸುಮಾರು 15,000. ರಾಜ್ಯದ ಒಟ್ಟು ಅಂತರದ ನಾಲ್ಕು ಪಟ್ಟು! ದಕ್ಷಿಣದಲ್ಲಿ ಲಾಸ್ ಏಂಜಲೀಸ್ ಕೌಂಟಿ ಹ್ಯೂಸ್ ಕಡೆ ಹೋಯಿತು. ಲಾಂಗ್ ಬೀಚ್ ಇರುವುದೇ ಆ ಕೌಂಟಿಯಲ್ಲಿ, ನೆನಪಿರಲಿ.

1916ರ ಜುಲೈ 22ರಂದು ನಗರದ ಪ್ರಿಪೇರ್ಡ್‌ನೆಸ್ ಡೇ (ಯುದ್ಧಸಿದ್ಧತೆ ದಿನ) ಮೆರವಣಿಗೆಯಲ್ಲಿ ಬಾಂಬ್ ಸಿಡಿದು 10 ಜನ ಸತ್ತರು. ಆ ಬೇಸಿಗೆ ಪೂರ್ತಿ ವ್ಯಾಪಾರಿಗಳ ಚೇಂಬರ್ ಆಫ್ ಕಾಮರ್ಸ್‌ಗೂ ಯೂನಿಯನ್‌ಗಳಿಗೂ ಜಟಾಪಟಿ. ಚೇಂಬರ್ ಬೇಡಿಕೆ 'ಓಪನ್ ಶಾಪ್', ಅಂದರೆ ಯೂನಿಯನ್ ಸದಸ್ಯರಲ್ಲದವರನ್ನೂ ಕೆಲಸಕ್ಕೆ ಇಟ್ಟುಕೊಳ್ಳುವ ಹಕ್ಕು. ಹೋಟೆಲ್ ಮಾಣಿಗಳು ಮುಷ್ಕರದಲ್ಲಿದ್ದರು. ಅಂಥ ಹೊತ್ತಿನಲ್ಲಿ ಹ್ಯೂಸ್ ಕಮರ್ಷಿಯಲ್ ಕ್ಲಬ್ಬಿನ ಊಟಕ್ಕೆ ಹೋದರು, ಬಡಿಸಿದವರು ಯೂನಿಯನ್ ಹೊರಗಿನವರು. ಯೂನಿಯನ್ ಊರಿನಲ್ಲಿ ಈ ಊಟ ಹೋಟೆಲ್ ಪ್ರಸಂಗಕ್ಕಿಂತ ದುಬಾರಿಯಾಯಿತು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಅದರ ಮೇಲೆ ಸೆಪ್ಟೆಂಬರ್ 3ರಂದು ವಿಲ್ಸನ್ ಆಡಮ್ಸನ್ ಕಾಯಿದೆಗೆ ಸಹಿ ಹಾಕಿ ರೈಲ್ವೆ ನೌಕರರಿಗೆ ದಿನಕ್ಕೆ 8 ಗಂಟೆಯ ಕೆಲಸ ಕೊಟ್ಟರು. ಹ್ಯೂಸ್ ಅದನ್ನೇ ಖಂಡಿಸುತ್ತಾ ತಿರುಗಿದರು. ಸಾಕ್ರಮೆಂಟೊ, ಓಕ್‌ಲ್ಯಾಂಡ್‌ನಂಥ ರೈಲ್ವೆ ಊರುಗಳಿರುವ ರಾಜ್ಯದಲ್ಲಿ!

ಎಣಿಕೆಮೇಜು:
ಸೋಷಲಿಸ್ಟ್ ಮತಗಳನ್ನೂ ನೋಡಿ. 1912ರಲ್ಲಿ ಯೂಜಿನ್ ಡೆಬ್ಸ್ ಇಲ್ಲಿ 79,201 ಪಡೆದಿದ್ದರು. 1916ರಲ್ಲಿ ಡೆಬ್ಸ್ ಅಧ್ಯಕ್ಷ ಸ್ಥಾನಕ್ಕೆ ನಿಲ್ಲಲಿಲ್ಲ, ಆಲನ್ ಬೆನ್ಸನ್ ಪಡೆದದ್ದು ಸುಮಾರು 43,000. ಒಟ್ಟು ಮತದಾನ ಏರಿದ ವರ್ಷದಲ್ಲಿ 36,000 ಇಳಿತ, ರಾಜ್ಯದ ಅಂತರದ ಒಂಬತ್ತು ಪಟ್ಟಿಗೂ ಹೆಚ್ಚು. ವಿಲ್ಸನ್ ದೇಶವನ್ನು ಯುದ್ಧದಿಂದ ದೂರ ಇಟ್ಟರು ಎಂಬ ಪ್ರಚಾರ, ಮೇಲಿನ 8 ಗಂಟೆಯ ಕಾಯಿದೆ, ಎರಡೂ ಈ ಮತದಾರರಿಗೆ ನೇರ ತಟ್ಟುವಂಥವು. ಪಾನನಿರೋಧ ಪಕ್ಷದ ಫ್ರಾಂಕ್ ಹ್ಯಾನ್ಲಿ ಸುಮಾರು 27,700 ತೆಗೆದುಕೊಂಡರು. ಹೀಗೆ ಅಂತರಕ್ಕಿಂತ ದೊಡ್ಡ ಗುಂಪು ಯಾವುದನ್ನು ಎತ್ತಿಕೊಂಡರೂ 'ಇದರಿಂದಲೇ ಸೋತರು' ಅನ್ನಬಹುದು. ಅದಕ್ಕೇ ಹೋಟೆಲ್ ಒಂದನ್ನೇ ಕಾರಣ ಅಂತ ಬರೆಯಬೇಡಿ ಎನ್ನುವುದು.

ನೀಲಿಶಾಯಿ:
ಮಹಿಳೆಯರ ಮತದಿಂದ ವಿಲ್ಸನ್ ಗೆದ್ದರು ಅಂತಲೂ ಒಂದು ಕಡೆ ಇದೆ.

ಮತಪೆಟ್ಟಿಗೆ:
ಕ್ಯಾಲಿಫೋರ್ನಿಯಾದ ಮಟ್ಟಿಗೆ ಅದನ್ನು ಎಣಿಕೆಯಿಂದ ತೋರಿಸಲು ಬರುವುದಿಲ್ಲ. ಅಲ್ಲಿ ಮಹಿಳೆಯರಿಗೆ ಮತದ ಹಕ್ಕು ಬಂದದ್ದು 1911ರ ಅಕ್ಟೋಬರ್ 10ರ ಜನಮತದಲ್ಲಿ, ಅದೂ 3,587 ಮತಗಳ ಅಂತರದಲ್ಲಿ. ಆದರೆ ಗಂಡಸರು, ಹೆಂಗಸರು ಹಾಕುತ್ತಿದ್ದುದು ಒಂದೇ ಮತಪತ್ರ, ಒಂದೇ ಪೆಟ್ಟಿಗೆ. ಇಲಿನಾಯ್‌ನಲ್ಲಿ ಮಾತ್ರ 1916ರಲ್ಲಿ ಮಹಿಳೆಯರ ಮತಗಳನ್ನು ಪ್ರತ್ಯೇಕ ಎಣಿಸಿದರು, ಅಲ್ಲಿ ಗೆದ್ದದ್ದು ಹ್ಯೂಸ್.

ಹ್ಯೂಸ್ ಆಗಸ್ಟ್ 1ರಂದೇ ಮಹಿಳಾ ಮತದಾನದ ಸಂವಿಧಾನ ತಿದ್ದುಪಡಿಗೆ ಬೆಂಬಲ ಹೇಳಿದ್ದರು, ವಿಲ್ಸನ್ ಹೇಳಿರಲಿಲ್ಲ. ನ್ಯಾಷನಲ್ ವುಮನ್ಸ್ ಪಾರ್ಟಿ ವಿಲ್ಸನ್ ವಿರುದ್ಧ ಪ್ರಚಾರ ಮಾಡಿತು. ಅದರ ಭಾಷಣಕಾರ್ತಿ ಇನೆಜ್ ಮಿಲ್‌ಹಾಲೆಂಡ್ ಅಕ್ಟೋಬರ್‌ನಲ್ಲಿ ಲಾಸ್ ಏಂಜಲೀಸ್ ವೇದಿಕೆಯಲ್ಲೇ ಕುಸಿದು ನವೆಂಬರ್ 25ರಂದು ತೀರಿಕೊಂಡರು. ಇಷ್ಟಾದರೂ ಮಹಿಳೆಯರು ಅಧ್ಯಕ್ಷರಿಗೆ ಮತ ಹಾಕಬಹುದಾಗಿದ್ದ 12 ರಾಜ್ಯಗಳಲ್ಲಿ 10 ವಿಲ್ಸನ್ ಪಾಲಾದವು. ಆ 12ರಲ್ಲಿ 10 ಎಂಬುದನ್ನು ಹಾಕಿ, ಅದಕ್ಕಿಂತ ಮುಂದೆ ಹೋಗಬೇಡಿ.

ತುಂಗಾತೀರ:
ಸರಿ, ಒಳಏಟು ಅನ್ನುವ ಪದ ಹಿಂತೆಗೆದುಕೊಳ್ಳುತ್ತೇನೆ. ಒಂದು ಲೆಕ್ಕ ಮಾತ್ರ ಲೇಖನದಲ್ಲಿ ಇರಲೇಬೇಕು. ಒಟ್ಟು ಎಲೆಕ್ಟರ್ 531, ಬಹುಮತಕ್ಕೆ 266. ಫಲಿತಾಂಶ ವಿಲ್ಸನ್ 277, ಹ್ಯೂಸ್ 254. ಕ್ಯಾಲಿಫೋರ್ನಿಯಾದ 13 ಆಚೆ ಹೋದರೆ ಹ್ಯೂಸ್ 267, ವಿಲ್ಸನ್ 264. 1,887 ಜನ ವಿಲ್ಸನ್ ಬಿಟ್ಟು ಹ್ಯೂಸ್‌ಗೆ ಒತ್ತಿದ್ದರೆ ಸಾಕಿತ್ತು. ನ್ಯೂ ಹ್ಯಾಂಪ್‌ಶೈರ್ 56 ಮತಗಳಲ್ಲಿ ವಿಲ್ಸನ್‌ಗೆ ಬಂತು, ಮಿನೆಸೋಟ 392ರಲ್ಲಿ ಹ್ಯೂಸ್‌ಗೆ ಹೋಯಿತು. ಅಂತರ ಅಲ್ಲಿ ಇನ್ನೂ ಚಿಕ್ಕದು. ಆದರೆ ನ್ಯೂ ಹ್ಯಾಂಪ್‌ಶೈರಿನ 4 ಹೋದರೂ ವಿಲ್ಸನ್‌ಗೆ 273 ಉಳಿಯುತ್ತಿತ್ತು. ಕ್ಯಾಲಿಫೋರ್ನಿಯಾ ಒಂದೇ ತಕ್ಕಡಿ ತಿರುಗಿಸುವಷ್ಟು ಭಾರವೂ ಇದ್ದು, ಅಷ್ಟು ಹತ್ತಿರವೂ ಇದ್ದ ರಾಜ್ಯ.

ಹಳೇಗೆಜೆಟ್:
ಒಪ್ಪಿದೆ. ಎಣಿಕೆಯ ದಿನಗಳ ಬಗ್ಗೆ ಎರಡು ಎಚ್ಚರಿಕೆ. ಮಂಗಳವಾರ ರಾತ್ರಿ ಪೂರ್ವದ ರಾಜ್ಯಗಳ ಫಲಿತಾಂಶ ನೋಡಿ ಹಲವು ಪತ್ರಿಕೆಗಳು ಹ್ಯೂಸ್ ಗೆದ್ದರು ಅಂದುಬಿಟ್ಟವು. ಕ್ಯಾಲಿಫೋರ್ನಿಯಾ ಗಡಿಯಾರ ಮೂರು ಗಂಟೆ ಹಿಂದೆ, ಕೈ ಎಣಿಕೆ, ಗುಡ್ಡಗಾಡಿನ ಮತಗಟ್ಟೆಗಳ ಲೆಕ್ಕ ತಡವಾಗಿ ಬರುವುದು, ಎಲ್ಲ ಸೇರಿ ಚಿತ್ರ ಸ್ಪಷ್ಟವಾಗಲು ವಾರದ ಕೊನೆಯಾಯಿತು. ಹ್ಯೂಸ್ ಅಭಿನಂದನಾ ತಂತಿ ಕಳಿಸಿದ್ದು ನವೆಂಬರ್ 22ಕ್ಕೆ. ಅಧ್ಯಕ್ಷರು ಮಲಗಿದ್ದಾರೆ, ಎಬ್ಬಿಸಲಾಗದು ಅಂತ ಹ್ಯೂಸ್ ಕಡೆಯವರು ಪತ್ರಕರ್ತನಿಗೆ ಹೇಳಿದರಂತೆ ಎನ್ನುವ ಪ್ರಸಿದ್ಧ ಸಂಭಾಷಣೆ ಕಟ್ಟುಕಥೆ, ಲೇಖನಕ್ಕೆ ಬೇಡ.

ಅದರ ಬದಲು ನವೆಂಬರ್ 5ರ ಪತ್ರ ಸೇರಿಸಿ. ಆಗ ಹೊಸ ಅಧ್ಯಕ್ಷರು ಅಧಿಕಾರಕ್ಕೆ ಬರುತ್ತಿದ್ದುದು ಮಾರ್ಚ್ 4ಕ್ಕೆ. ಯುರೋಪಿನಲ್ಲಿ ಯುದ್ಧ ಉರಿಯುವಾಗ ಸೋತ ಅಧ್ಯಕ್ಷ ನಾಲ್ಕು ತಿಂಗಳು ಕುರ್ಚಿಯಲ್ಲಿ ಇರಬಾರದು ಅಂತ ವಿಲ್ಸನ್ ವಿದೇಶಾಂಗ ಕಾರ್ಯದರ್ಶಿ ಲ್ಯಾನ್ಸಿಂಗ್‌ಗೆ ಬರೆದರು. ಹ್ಯೂಸ್ ಗೆದ್ದರೆ ಲ್ಯಾನ್ಸಿಂಗ್ ರಾಜೀನಾಮೆ ಕೊಡುವುದು, ಆ ಜಾಗಕ್ಕೆ ಹ್ಯೂಸ್ ನೇಮಕ, ಆಮೇಲೆ ವಿಲ್ಸನ್, ಉಪಾಧ್ಯಕ್ಷ ಮಾರ್ಷಲ್ ಇಬ್ಬರೂ ರಾಜೀನಾಮೆ. 1886ರ ಉತ್ತರಾಧಿಕಾರ ಕಾಯಿದೆಯಂತೆ ಮುಂದಿನ ಸರದಿ ವಿದೇಶಾಂಗ ಕಾರ್ಯದರ್ಶಿಯದು, ಹ್ಯೂಸ್ ಕೂಡಲೇ ಅಧ್ಯಕ್ಷ. ಅದು ಜಾರಿಗೆ ಬರುವುದಕ್ಕೂ ಬಾರದಿರುವುದಕ್ಕೂ ನಡುವೆ ಇದ್ದದ್ದು ಆ 1,887 ಮೊಹರು.

ನೀಲಿಶಾಯಿ:
ಎಲ್ಲರಿಗೂ ಧನ್ಯವಾದ. ಕರಡು ವಾಕ್ಯ ಹೀಗಿದೆ: "ಕ್ಯಾಲಿಫೋರ್ನಿಯಾದಲ್ಲಿ ವಿಲ್ಸನ್ 4,66,289 ಮತ ಪಡೆದು ಹ್ಯೂಸ್‌ರನ್ನು 3,773 ಮತಗಳಿಂದ ಸೋಲಿಸಿ 13 ಎಲೆಕ್ಟರ್‌ಗಳನ್ನೂ ಗೆದ್ದರು. ಮತದಾರರು ಎಲೆಕ್ಟರ್‌ಗಳನ್ನು ಒಬ್ಬೊಬ್ಬರಾಗಿ ಆರಿಸುತ್ತಿದ್ದುದರಿಂದ ಈ ಅಂತರ ಬೇರೆ ಕೋಷ್ಟಕಗಳಲ್ಲಿ ಸ್ವಲ್ಪ ಬೇರೆಯಾಗಿ ಕಾಣುತ್ತದೆ."

ಎಣಿಕೆಮೇಜು:
"ವಿಲ್ಸನ್ 4,66,289 ಮತ ಪಡೆದು" ಅನ್ನುವಲ್ಲಿ "ವಿಲ್ಸನ್ ಪರ ಎಲೆಕ್ಟರ್‌ಗಳ ಪಟ್ಟಿ" ಅಂತ ತಿದ್ದಿ. ಹ್ಯೂಸ್‌ರ 4,62,516 ಕೂಡ ಅದೇ ವಾಕ್ಯದಲ್ಲಿ ಬರಲಿ, ಓದುವವರು ತಾವೇ ಕಳೆದು ನೋಡಬಹುದು.